ಚೌಕಾಬಾರದ ನಿಯಮ ಬಲ್ಲ ಮಗು ಆಟದ ಪ್ರೋಗ್ರಾಮನ್ನೂ ಬರೆಯಬಲ್ಲದು

ಮೊಬೈಲಿನಲ್ಲಿ ಆಟವಾಡುವ ಮಕ್ಕಳು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು: ಇಂತಹ ಆಟವನ್ನು ನಾವೇ ರಚಿಸಬಹುದೇ? ರಾಯದುರ್ಗ ಮತ್ತು ಮಡಕಶಿರಾ ಸೀಮೆಯ ಕನ್ನಡ ಮಾಧ್ಯಮದ ಮನೆಗಳಲ್ಲಿ ಈ ಪ್ರಶ್ನೆಯ ಬೆನ್ನಿಗೆ ಒಂದು ಅಳುಕೂ ಇದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಎಂಬ ನಂಬಿಕೆ ಬಲವಾಗಿದೆ. ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಲು ಹೇಳುವ ಕಾರಣಗಳಲ್ಲಿ ಇದೂ ಒಂದು. ಆದುದರಿಂದ ಮೊದಲು ಕಲಿಯುವ ಪ್ರೋಗ್ರಾಮಿಂಗ್ ಭಾಷೆಯ ಆಯ್ಕೆ ಚಿಕ್ಕ ವಿಷಯವಲ್ಲ. ತಪ್ಪು ಭಾಷೆ ಕೈಗೆ ಬಂದರೆ ಮಗು ಸೋತದ್ದು ಕನ್ನಡದಿಂದಲೇ ಎಂಬ ತೀರ್ಮಾನಕ್ಕೆ ಹಿರಿಯರು ಬಂದುಬಿಡುತ್ತಾರೆ.

ಪ್ರೋಗ್ರಾಮ್ ಎಂದರೆ ಕಂಪ್ಯೂಟರಿಗೆ ಅನುಕ್ರಮವಾಗಿ ಬರೆದುಕೊಟ್ಟ ನಿಯಮಗಳು. ನಿಯಮಗಳ ವಿಷಯದಲ್ಲಿ ನಮ್ಮ ಮಕ್ಕಳು ಅಪರಿಚಿತರಲ್ಲ. ನಾಲ್ಕು ಕವಡೆಗಳ ಚೌಕಾಬಾರವನ್ನೇ ನೋಡೋಣ. ನೆರೆಮನೆಯ ತೆಲುಗು ಮಕ್ಕಳು ಇದನ್ನೇ ಅಷ್ಟಾ ಚಮ್ಮಾ ಎನ್ನುತ್ತಾರೆ. ಬಾಯಿ ಮೇಲಾಗಿ ಬಿದ್ದ ಕವಡೆಗಳೆಷ್ಟೋ ಅಷ್ಟು ಗರ. ನಾಲ್ಕೂ ಬೋರಲಾಗಿ ಬಿದ್ದರೆ ಎಂಟು. ನಾಲ್ಕು ಅಥವಾ ಎಂಟು ಬಿದ್ದವರಿಗೆ ಮತ್ತೊಂದು ಸರದಿ. ‘ಹೀಗಾದರೆ ಹಾಗೆ ಮಾಡು’ ಎಂಬ ಈ ಮಾತೇ ಪ್ರೋಗ್ರಾಮಿನ ಬೆನ್ನೆಲುಬು. ಅದನ್ನು ಮಗು ಕನ್ನಡದಲ್ಲಿಯೇ ಅರಿತಿದೆ. ಉಳಿದಿರುವುದು ಬರೆಯುವ ಕ್ರಮವಷ್ಟೇ.

ಮೊದಲ ಮೆಟ್ಟಿಲು: ಸ್ಕ್ರ್ಯಾಚ್

ಎಂಟು ವರ್ಷ ದಾಟಿದ ಮಕ್ಕಳಿಗೆ ಸ್ಕ್ರ್ಯಾಚ್ ಸೂಕ್ತ. ಅಮೆರಿಕದ ಎಂ.ಐ.ಟಿ. ಮೀಡಿಯಾ ಲ್ಯಾಬ್ ಇದನ್ನು 2007ರಲ್ಲಿ ಬಿಡುಗಡೆ ಮಾಡಿತು. ಇದಕ್ಕೆ ಶುಲ್ಕವಿಲ್ಲ. ಒಮ್ಮೆ ಕಂಪ್ಯೂಟರಿನಲ್ಲಿಯೋ ಆಂಡ್ರಾಯ್ಡ್ ಟ್ಯಾಬಿನಲ್ಲಿಯೋ ಅಳವಡಿಸಿದರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ; ಮಾಡಿದ ಆಟವನ್ನು ಪೆನ್‌ಡ್ರೈವಿನಲ್ಲಿ ಶಾಲೆಗೆ ಒಯ್ಯಬಹುದು.

ಇಲ್ಲಿ ಸಾಲುಗಳನ್ನು ಬರೆಯುವಂತಿಲ್ಲ. ಬಣ್ಣದ ಬ್ಲಾಕುಗಳನ್ನು ಒಂದಕ್ಕೊಂದು ಜೋಡಿಸಬೇಕು. ಚಲನೆಯವು ನೀಲಿ, ರೂಪದವು ನೇರಳೆ, ಲೆಕ್ಕದವು ಹಸಿರು. ಹೊಂದದ ಬ್ಲಾಕ್ ಕೂಡಿಕೊಳ್ಳುವುದೇ ಇಲ್ಲವಾದ್ದರಿಂದ ಕಾಗುಣಿತದ ತಪ್ಪಿಗೆ ಆಟ ನಿಲ್ಲುವ ಸಂಕಟವಿಲ್ಲ. ಪಾತ್ರಗಳ ಬಾಯಿಂದ ಕನ್ನಡದ ಮಾತು ಆಡಿಸಬಹುದು. ಅಂಕವನ್ನು ಎಣಿಸುವ ಪೆಟ್ಟಿಗೆಗೆ ‘ಅಂಕ’ ಎಂದೇ ಹೆಸರಿಡಬಹುದು. ಬೆಕ್ಕು ಇಲಿಯನ್ನು ಹಿಡಿಯುವ ಆಟ, ಬೀಳುವ ಮಾವಿನಹಣ್ಣನ್ನು ಬುಟ್ಟಿಯಲ್ಲಿ ಹಿಡಿಯುವ ಆಟ ಕೆಲವೇ ದಿನಗಳ ಅಭ್ಯಾಸದಲ್ಲಿ ಸಿದ್ಧವಾಗುತ್ತವೆ.

ಎರಡನೆಯ ಮೆಟ್ಟಿಲು: ಪೈಥಾನ್

ಎಂಟನೆಯ ತರಗತಿಯ ಹೊತ್ತಿಗೆ ಮಕ್ಕಳಿಗೆ ಬರೆಯುವ ಭಾಷೆ ಬೇಕಾಗುತ್ತದೆ. ಆಗ ಪೈಥಾನ್ ಒಳ್ಳೆಯದು. 1991ರಲ್ಲಿ ಬೆಳಕಿಗೆ ಬಂದ ಈ ಭಾಷೆಯೂ ಉಚಿತ. ಇದರಲ್ಲಿ ಮೀಸಲು ಪದಗಳಿರುವುದು ಸುಮಾರು 35. ಚಿಕ್ಕ ಆಟಕ್ಕೆ ಇಫ್, ಎಲ್ಸ್, ವೈಲ್, ಫಾರ್ ಮುಂತಾದ ಹತ್ತು ಹನ್ನೆರಡು ಸಾಕು. ಅಷ್ಟು ಇಂಗ್ಲಿಷ್ ಪದಗಳನ್ನು ಆರನೆಯ ತರಗತಿಯ ಮಗುವೂ ಒಂದು ವಾರದಲ್ಲಿ ಕಲಿಯಬಲ್ಲದು. ಉಳಿದ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಲು ಪೈಥಾನಿನ ಈಗಿನ ಆವೃತ್ತಿಗಳಲ್ಲಿ ಅವಕಾಶವಿದೆ. ‘ಕವಡೆ’, ‘ಗರ’, ‘ಸರದಿ’ ಎಂದು ಬರೆದರೆ ಕಂಪ್ಯೂಟರ್ ಒಪ್ಪಿಕೊಳ್ಳುತ್ತದೆ. ಹೆಸರಿನ ನಡುವೆ ಖಾಲಿ ಜಾಗ ಬಿಡಬಾರದು, ಅಷ್ಟೇ.

ಚೌಕಾಬಾರವನ್ನು ಹೀಗೆ ಬರೆಯುವಾಗ ಗಣಿತವೂ ಜೊತೆಗೆ ಬರುತ್ತದೆ. 1, 2, 3, 4, 8 ಈ ಐದರಲ್ಲಿ ಒಂದನ್ನು ಆರಿಸು ಎಂದು ಕಂಪ್ಯೂಟರಿಗೆ ಹೇಳಿದರೆ ಎಂಟು ಪದೇ ಪದೇ ಬೀಳುತ್ತದೆ, ಆಟ ಸಪ್ಪೆಯಾಗುತ್ತದೆ. ಪ್ರತಿಯೊಂದು ಕವಡೆಯನ್ನೂ ಬೇರೆಯಾಗಿ ಎಸೆಯುವಂತೆ ಬರೆದು ಕೂಡಿಸಬೇಕು. ಕವಡೆ ಎರಡು ಬದಿಗೂ ಸಮನಾಗಿ ಬೀಳುವುದೆಂದು ಭಾವಿಸಿದರೆ 16 ಸಾಧ್ಯತೆಗಳಲ್ಲಿ ಎರಡು ಬೀಳುವುದು 6 ಬಾರಿ, ಎಂಟು ಬೀಳುವುದು ಒಂದೇ ಬಾರಿ. ಎಂಟು ಬಿದ್ದಾಗ ಮಕ್ಕಳು ಕುಣಿಯುವುದೇಕೆ ಎಂಬುದು ಆಗ ಲೆಕ್ಕದಲ್ಲಿಯೇ ಕಾಣುತ್ತದೆ. ಸಂಭವನೀಯತೆಯ ಪಾಠ ಇದಕ್ಕಿಂತ ಸುಲಭವಾಗಿ ಮನಸ್ಸಿಗೆ ಇಳಿಯಲಾರದು.

ಸದ್ಯಕ್ಕೆ ಬೇಡವಾದವು

ಸಿ, ಸಿ ಪ್ಲಸ್ ಪ್ಲಸ್, ಜಾವಾ ಶಕ್ತಿಯುತ ಭಾಷೆಗಳೇ. ಆದರೆ ತೆರೆಯ ಮೇಲೆ ಒಂದು ಚೆಂಡು ಉರುಳಿಸಲು ಇವುಗಳಲ್ಲಿ ಮಾಡಬೇಕಾದ ಸಿದ್ಧತೆಯೇ ಹೆಚ್ಚು. ದೊಡ್ಡ ಕಂಪನಿಗಳ ಆಟಗಳನ್ನು ಕಟ್ಟುವ ಯೂನಿಟಿಯಂತಹ ಸಾಧನಗಳಿಗೆ ಒಳ್ಳೆಯ ಕಂಪ್ಯೂಟರೂ ಭಾರಿ ಡೌನ್‌ಲೋಡೂ ಬೇಕು. ಮೂರು ವಾರ ಕಳೆದರೂ ಏನೂ ಅಲುಗಾಡದಿದ್ದರೆ ಮಗುವಿನ ಉತ್ಸಾಹ ಬತ್ತುತ್ತದೆ.

ಕಾಸರಗೋಡಿನ ನಿದರ್ಶನ

ಕರ್ನಾಟಕದ ಹೊರಗಿನ ಕನ್ನಡ ಶಾಲೆಗಳಲ್ಲಿ ಇದು ಸಾಧ್ಯವೇ ಎಂದು ಸಂದೇಹಪಡುವವರು ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನತ್ತ ನೋಡಬಹುದು. ಕೇರಳ ಸರಕಾರದ ಐ.ಟಿ. ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್ ಮತ್ತು ತಮಿಳಿನೊಡನೆ ಕನ್ನಡದಲ್ಲಿಯೂ ಇವೆ. ಅಲ್ಲಿನ ಪಾಠಗಳಲ್ಲಿ ಸ್ಕ್ರ್ಯಾಚ್, ಪೈಥಾನ್ ಎರಡಕ್ಕೂ ಸ್ಥಾನವಿದೆ. 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಕೂಟಗಳು ಪ್ರೌಢಶಾಲಾ ಮಕ್ಕಳಿಗೆ ಇಂತಹ ತರಬೇತಿ ನೀಡುತ್ತಿವೆ. ಕನ್ನಡದಲ್ಲಿ ಬರೆದ ಪುಸ್ತಕವಿದ್ದರೆ ಕನ್ನಡ ಮಾಧ್ಯಮವು ಅಡ್ಡಿಯಾಗದು ಎಂಬುದಕ್ಕೆ ಇದು ಸಾಕ್ಷಿ.

2022ರ ಪುನರ್ವಿಂಗಡಣೆಯಲ್ಲಿ ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಎರಡೂ ಕಡೆಯ ಕನ್ನಡ ಶಾಲೆಗಳ ಅಗತ್ಯ ಮಾತ್ರ ಒಂದೇ. ಪುಸ್ತಕ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಶಾಲೆಯ ಒಂದು ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್ ಅಳವಡಿಸಿ, ವಾರಕ್ಕೊಂದು ಗಂಟೆ ಇಬ್ಬಿಬ್ಬರು ಮಕ್ಕಳನ್ನು ಜೊತೆಗೆ ಕೂರಿಸಿದರೆ ಸಾಕು. ಆಟದ ನಿಯಮಗಳನ್ನು ಮಕ್ಕಳು ಮೊದಲು ಕಾಗದದ ಮೇಲೆ ಕನ್ನಡದಲ್ಲಿ ಬರೆಯಲಿ, ಆಮೇಲೆ ತೆರೆಯ ಮುಂದೆ ಕೂರಲಿ. ಆ ನಿಯಮಗಳನ್ನು ಹೇಳಿಕೊಡಲು ಅಜ್ಜಿ ತಾತಂದಿರೇ ಮನೆಯಲ್ಲಿದ್ದಾರೆ.