ಸುಣ್ಣಗಟ್ಟಿದ ಹೃದಯಕವಾಟ ಮತ್ತು ಸೋಂಕು

ಮಾನವನ ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ಪ್ರತಿಯೊಂದು ಮಿಡಿತದಲ್ಲಿಯೂ ರಕ್ತವು ಮಹಾಪಧಮನಿಯ ಕವಾಟವನ್ನು ದಾಟಿ ದೇಹಕ್ಕೆಲ್ಲ ಹರಿಯಬೇಕು. ತೆಳುವಾದ ಮೂರು ಎಸಳುಗಳುಳ್ಳ ಈ ಕವಾಟವು ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಿರುಗದಂತೆ ತಡೆಯುವ ಬಾಗಿಲು.

ವಯಸ್ಸಾದಂತೆ ಕೆಲವರಲ್ಲಿ ಈ ಎಸಳುಗಳ ಮೇಲೆ ಸುಣ್ಣದ ಅಂಶ ಸಂಚಯವಾಗುತ್ತದೆ. ಹುಟ್ಟಿನಿಂದ ಎರಡೇ ಎಸಳುಳ್ಳವರಲ್ಲಿ ಇದು ಇನ್ನೂ ಬೇಗ. ಬಾಲ್ಯದ ರುಮ್ಯಾಟಿಕ್ ಜ್ವರವೂ ಕವಾಟವನ್ನು ಕೆಡಿಸಬಲ್ಲುದು. ಗಡುಸಾದ ಕಿರುದ್ವಾರದಲ್ಲಿ ರಕ್ತವು ರಭಸದಿಂದ ನುಗ್ಗುವಾಗ ಎಸಳಿನ ನಯವಾದ ಹೊದಿಕೆ ತರಚುತ್ತದೆ. ಅಲ್ಲಿ ತೆಳುವಾದ ಹೆಪ್ಪು ಕಟ್ಟುತ್ತದೆ. ರೋಗಾಣುಗಳಿಗೆ ಇದೇ ನೆಲೆ.

ಅವು ಬರುವುದೆಲ್ಲಿಂದ? ಹುಳುಕು ಹಲ್ಲು, ರಕ್ತ ಒಸರುವ ಒಸಡು, ಚರ್ಮದ ಹುಣ್ಣು, ಮೂತ್ರಮಾರ್ಗ ಇವೇ ಮುಖ್ಯ ದಾರಿಗಳು. ಬಾಯಿಯ ಸ್ಟ್ರೆಪ್ಟೊಕಾಕಸ್ ಮೆಲ್ಲನೆ ಕೆಡಿಸಿದರೆ, ಚರ್ಮದ ಸ್ಟ್ಯಾಫಿಲೊಕಾಕಸ್ ಕೆಲವೇ ದಿನಗಳಲ್ಲಿ ಕವಾಟವನ್ನು ಹರಿದುಹಾಕಬಲ್ಲುದು. ಸೋಂಕಿನ ತುಣುಕು ಕಳಚಿ ಮಿದುಳನ್ನು ಸೇರಿದರೆ ಪಾರ್ಶ್ವವಾಯು. ಕವಾಟದ ಬುಡದಲ್ಲಿ ಕೀವುಗಟ್ಟಿದರೆ ಮಿಡಿತದ ಲಯವೇ ತಪ್ಪುತ್ತದೆ.

1885ರಲ್ಲಿ ವಿಲಿಯಂ ಆಸ್ಲರ್ ಲಂಡನ್ನಿನ ಉಪನ್ಯಾಸಗಳಲ್ಲಿ ಈ ರೋಗವನ್ನು ವಿಶದವಾಗಿ ವಿವರಿಸಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬರುವವರೆಗೂ ಇದು ಬಹುತೇಕ ಮರಣಶಾಸನವೇ ಆಗಿತ್ತು.

ಈ ರೋಗದ ಆರಂಭ ಅನೇಕ ವೇಳೆ ಸೌಮ್ಯವಾಗಿರುವುದೇ ಅಪಾಯ. ವಾರಗಟ್ಟಲೆ ಸಣ್ಣ ಜ್ವರ, ಅಗ್ನಿಮಾಂದ್ಯ, ನಿಶ್ಶಕ್ತಿ ಇಷ್ಟೇ ಕಾಣಬಹುದು. ವೈದ್ಯರನ್ನು ಕೇಳದೆ ಆಂಟಿಬಯಾಟಿಕ್ ಮಾತ್ರೆ ನುಂಗಿದರೆ ಜ್ವರ ತಾತ್ಕಾಲಿಕವಾಗಿ ತಗ್ಗಬಹುದು. ಆದರೆ ಅನಂತರದ ರಕ್ತಪರೀಕ್ಷೆಯಲ್ಲಿ ರೋಗಾಣು ಬೆಳೆಯದೆ ರೋಗ ಅಡಗಿಬಿಡುತ್ತದೆ. ಸುಣ್ಣವೂ ಎಕೋ ಚಿತ್ರದಲ್ಲಿ ನೆರಳು ಚೆಲ್ಲಿ ಸೋಂಕನ್ನು ಮರೆಮಾಡುತ್ತದೆ. ಆದುದರಿಂದ ಅನ್ನನಾಳದೊಳಗೆ ನಳಿಕೆ ಇಳಿಸಿ, ಹೃದಯದ ಹಿಂಬದಿಯಿಂದ ಚಿತ್ರ ತೆಗೆಯಬೇಕಾಗುತ್ತದೆ.

ಚಿಕಿತ್ಸೆ ಸಾಮಾನ್ಯವಾಗಿ 4ರಿಂದ 6 ವಾರಗಳು. ಔಷಧವನ್ನು ಬಹುಪಾಲು ರಕ್ತನಾಳದ ಮೂಲಕವೇ ಕೊಡುತ್ತಾರೆ. ಕವಾಟ ಹಾಳಾಗಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯ. ಸುಣ್ಣವು ಬುಡದವರೆಗೂ ಹಬ್ಬಿದ್ದರೆ ಹೊಲಿಗೆ ಹಾಕುವುದೇ ಕಷ್ಟ. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಎದೆಯನ್ನು ತೆರೆಯದೆ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸುವ ಮಾರ್ಗ ತೋರಿದರು. ಸುಣ್ಣಗಟ್ಟಿದ ಕವಾಟಕ್ಕೆ ಅದು ವರವಾಗಿದೆ. ಆದರೆ ಸೋಂಕಿತ ಭಾಗವನ್ನು ಅದು ತೆಗೆದುಹಾಕದು. ಹೊಸ ಕವಾಟಕ್ಕೂ ಸೋಂಕು ತಗಲಬಹುದು. ಕೃತಕ ಕವಾಟವುಳ್ಳವರು ಹಲ್ಲು ಕೀಳಿಸುವ ಮೊದಲು ಅದನ್ನು ವೈದ್ಯರಿಗೆ ತಿಳಿಸಿ, ರಕ್ಷಕ ಔಷಧ ಪಡೆಯಬೇಕು.

ದಂತಶುದ್ಧಿ ಬಾಲ್ಯದಲ್ಲಿ ಕಲಿಯುವ ಮೊದಲ ಪಾಠ. ಹಿರಿಯರ ಹೃದಯವನ್ನು ಕಾಯುವುದೂ ಅದೇ ಪಾಠ. ಕವಾಟದ ದೋಷವುಳ್ಳವರಿಗೆ ಕಾರಣ ತಿಳಿಯದ ಜ್ವರ ವಾರ ಕಳೆದರೂ ಇಳಿಯದಿದ್ದರೆ, ಮಾತ್ರೆಗೆ ಮುನ್ನ ರಕ್ತಪರೀಕ್ಷೆಯಾಗಲಿ.