ಅಮ್ಮನಿಗೆ ಯಾವ ವಸತಿ ಸರಿ?

ಪ್ರಶ್ನೆ: ಮೈಸೂರಿನಲ್ಲಿ ಒಬ್ಬರೇ ಇರುವ ತಾಯಿಗೆ ಹಿರಿಯರ ವಸತಿ ಹುಡುಕುತ್ತಿದ್ದೇವೆ. ಏನೇನು ನೋಡಬೇಕು?

ಉತ್ತರ: ಅವರ ಮನಸ್ಸು ತಿಳಿಯದೆ ಮುಂಗಡ ಕಟ್ಟಬೇಡಿ. ಸ್ನಾನ, ಊಟ, ಮಾತ್ರೆ ತಾವೇ ನೋಡಿಕೊಳ್ಳುವವರಿಗೆ ಸ್ವತಂತ್ರ ಫ್ಲ್ಯಾಟ್ ಸಾಕು. ಅದಕ್ಕೆಲ್ಲ ನೆರವು ಬೇಕಿದ್ದರೆ ಆರೈಕೆಯಿರುವ ವಸತಿಯೇ ಆಗಬೇಕು. ಮರೆವಿನ ಕಾಯಿಲೆಗಂತೂ ತರಬೇತಾದ ಸಿಬ್ಬಂದಿ ಬೇಕು.

ನಾನು ಒತ್ತಿ ಹೇಳುವುದು ರಾತ್ರಿಯ ವಿಚಾರ. ನಡುರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರೆ ಕರೆಗಂಟೆಗೆ ಓಡಿಬರುವವರು ಯಾರು? ನರ್ಸ್ ಅಲ್ಲೇ ಇರುತ್ತಾರೆಯೇ? ಆಸ್ಪತ್ರೆ ಎಷ್ಟು ದೂರ? ಬಣ್ಣದ ಕರಪತ್ರದಲ್ಲಿ ಇದು ಇರುವುದಿಲ್ಲ, ಕೇಳಿಯೇ ತಿಳಿಯಬೇಕು. ಮಧ್ಯಾಹ್ನ ಹೇಳದೆ ಹೋಗಿ, ಅಲ್ಲಿನವರ ಪಂಕ್ತಿಯಲ್ಲಿ ಕುಳಿತು ಉಣ್ಣಿ.

ಠೇವಣಿ ವಾಪಸಾತಿ, ಹಾಸಿಗೆ ಹಿಡಿದರೂ ಅಲ್ಲೇ ಇರಬಹುದೇ ಎಂಬುದು ಕರಾರಿನಲ್ಲಿರಲಿ. ಮಾಹಿತಿಗೆ ಹಿರಿಯರ ಉಚಿತ ಸಹಾಯವಾಣಿ 14567 ಇದೆ.