ಊರಿನ ಕಸ ಯಾರ ಪಾಲು?

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗಿರುವ ಹಲವಾಗಲಿನಂತಹ ಊರುಗಳ ಒಕ್ಕಲುಮನೆಗೆ ಕಸವೆಂಬುದು ಹಿಂದೆ ಒಂದು ದೊಡ್ಡ ಪ್ರಶ್ನೆಯಾಗಿ ತೋರಿರಲಿಲ್ಲ. ಕೊಟ್ಟಿಗೆಯ ಸೆಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಸೊಪ್ಪೆ, ಅಡಿಗೆಮನೆಯ ಸಿಪ್ಪೆ ಇವೆಲ್ಲವೂ ತಿಪ್ಪೆಯನ್ನು ಸೇರುತ್ತಿದ್ದವು. ಬೇಸಗೆಯಲ್ಲಿ ತಿಪ್ಪೆಯು ಬಂಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಗೊಬ್ಬರವಾಗಿ ಹೋದದ್ದು ಜೋಳವಾಗಿ ಮನೆಗೆ ಮರಳುತ್ತಿತ್ತು. ಹರಿದ ಬಟ್ಟೆ ಕೌದಿಯಾಗುತ್ತಿತ್ತು. ಒಡೆದ ಹಿತ್ತಾಳೆ ಪಾತ್ರೆ ಕರಗಿ ಹೊಸದಾಗುತ್ತಿತ್ತು. ಆ ಏರ್ಪಾಡಿನಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಬಾಗಿಲ ಬಳಿಯ ತಿಪ್ಪೆಯು ನೊಣಗಳಿಗೆ ತವರಾಗಿತ್ತು. ಆದರೂ ಅದರಲ್ಲೊಂದು ನ್ಯಾಯವಿದ್ದಿತು: ಈ ಊರಿನ ತಿಪ್ಪೆ ಇನ್ನೊಂದು ಊರಿನ ಬಾಗಿಲಿಗೆ ಹೋಗುತ್ತಿರಲಿಲ್ಲ.

ಈ ನ್ಯಾಯವನ್ನು ನಮ್ಮ ನಗರಗಳು ಮುರಿದಿವೆ. ನಮ್ಮ ರಾಜಧಾನಿಯ ಉದಾಹರಣೆಯೊಂದೇ ಸಾಕು. ಬೆಂಗಳೂರು ತನ್ನ ಕಸವನ್ನು ಉತ್ತರದ ಮಾವಳ್ಳಿಪುರಕ್ಕೂ ಪೂರ್ವದ ಮಂಡೂರಿಗೂ ವರ್ಷಗಟ್ಟಲೆ ಸಾಗಿಸಿತು. ಹಸಿಯದೂ ಒಣಗಿದುದೂ ಕೂಡಿಕೊಂಡು ರಾಶಿ ಬಿದ್ದಾಗ ಒಳಗೆ ಗಾಳಿಯಾಡದು. ಕಸವು ಗೊಬ್ಬರವಾಗದೆ ಕೊಳೆಯುತ್ತದೆ. ಅದರಿಂದ ಹೊರಡುವ ಅನಿಲಕ್ಕೆ ಕಿಡಿ ತಗುಲಿದರೆ ಉರಿಯುತ್ತದೆ. ಅದರ ಕಪ್ಪು ರಸವು ನೆಲಕ್ಕಿಳಿದು ಬಾವಿಯ ನೀರನ್ನು ಕೆಡಿಸುತ್ತದೆ. ಆ ಕಸವನ್ನು ಮಾಡಿದವರು ನಗರದವರು. ಅದರ ನಾತವನ್ನು ಕುಡಿದವರು ಹಳ್ಳಿಯವರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಒಡನೆಯೇ ಬೆಂಗಳೂರಿನ ಬೀದಿಮೂಲೆಗಳಲ್ಲಿ ಕಸವು ಗುಡ್ಡೆಗುಡ್ಡೆಯಾಗಿ ನಿಂತು, ಉದ್ಯಾನನಗರಿಯ ಕೀರ್ತಿಯು ಪರದೇಶದ ಪತ್ರಿಕೆಗಳಲ್ಲಿಯೂ ಮಣ್ಣುಪಾಲಾಯಿತು. ಮಂಡೂರಿನ ಜನರು ಲಾರಿಗಳನ್ನು ತಡೆದು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿಯೂ ಸುರಿಯುವುದು ನಿಂತಿತು. ಆ ಹಳ್ಳಿಗರು ಬೇಡಿದ್ದು ಭಿಕ್ಷೆಯಲ್ಲ; ನಿಮ್ಮ ಹೊಲಸನ್ನು ನೀವೇ ನೋಡಿಕೊಳ್ಳಿರೆಂಬ ಒಂದು ಮಾತನ್ನು ಮಾತ್ರ.

ಉಪಾಯವು ತಿಳಿಯದ್ದರಿಂದ ಹೀಗಾಯಿತೆಂದು ಯಾರೂ ಹೇಳುವಂತಿಲ್ಲ. ಪಟ್ಟಣದ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿ, ಮೇಲೆ ಮುಚ್ಚಿ, ಕೆಲವು ತಿಂಗಳುಗಳಲ್ಲಿ ಗೊಬ್ಬರವಾಗಿ ಮಾಡುವ ಕ್ರಮವೊಂದನ್ನು ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದರು. ಆ ಕ್ರಮಕ್ಕೆ ಪ್ರಪಂಚದ ಗ್ರಂಥಗಳಲ್ಲಿರುವ ಹೆಸರೇ ‘ಬೆಂಗಳೂರು ವಿಧಾನ’! 1975ರಲ್ಲಿ ಇದೇ ಉದ್ದೇಶಕ್ಕಾಗಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಹುಟ್ಟಿತು. ಲೋಕಕ್ಕೆ ಗೊಬ್ಬರದ ಪಾಠ ಹೇಳಿಕೊಟ್ಟ ಊರು ತನ್ನ ಮನೆಯ ಸಿಪ್ಪೆಗೆ ಜಾಗ ಕಾಣದೆ ಹೋದದ್ದು ಎಂತಹ ವಿಪರೀತ!

ಕಾರಣವು ಸ್ಪಷ್ಟವಾಗಿದೆ. ಪ್ಲಾಸ್ಟಿಕ್ಕು, ಗಾಜು, ಔಷಧದ ಶೀಸೆ, ಕೂಸಿನ ಚಡ್ಡಿ, ಉಂಡುಳಿದ ಅನ್ನ ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಬಿಸುಟರೆ ಯಾವ ವಿಧಾನವೂ ನಡೆಯಲಾರದು. ಬೇರೆಬೇರೆಯಾಗಿ ಇಟ್ಟಾಗ ಸಿಪ್ಪೆಯು ಗೊಬ್ಬರ, ಕಾಗದವು ಕಾಗದ, ತಗಡು ತಗಡು. ಕಲಸಿದಾಗ ಎಲ್ಲವೂ ಹೊಲಸು. ಆದುದರಿಂದಲೇ ಉಚ್ಚ ನ್ಯಾಯಾಲಯವು 2015ರ ಡಿಸೆಂಬರಿನಲ್ಲಿ, ಬೆಂಗಳೂರಿನ ಪ್ರತಿಯೊಂದು ಮನೆಯವರೂ ಎರಡು ಬುಟ್ಟಿ ಒಂದು ಚೀಲವನ್ನು ಇಟ್ಟುಕೊಳ್ಳತಕ್ಕದ್ದೆಂದು ವಿಧಿಸಿತು. ಹಸಿಯ ಕಸಕ್ಕೆ ಹಸುರು ಬುಟ್ಟಿ, ಆರೋಗ್ಯಕ್ಕೆ ಹಾನಿಕರವಾದುದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2016ರಲ್ಲಿ ಕೇಂದ್ರ ಸರ್ಕಾರದ ನಿಯಮಗಳೂ ಮೂಲದಲ್ಲಿಯೇ ಬೇರ್ಪಡಿಸುವುದನ್ನು ದೇಶಕ್ಕೆಲ್ಲಾ ಕಡ್ಡಾಯ ಮಾಡಿದವು. ಶಾಸನಕ್ಕೆ ಕೊರತೆಯಿಲ್ಲ, ಆಚರಣೆಗೆ ಇದೆ.

“ನಾವು ತೆರಿಗೆ ಕೊಡುತ್ತೇವೆ, ಉಳಿದುದು ಸರ್ಕಾರದ ಕೆಲಸ” ಎನ್ನುವ ಮಹನೀಯರಿದ್ದಾರೆ. ತೆರಿಗೆಯು ಗಾಡಿಗೂ ಕೂಲಿಗೂ ಸಲ್ಲುತ್ತದೆಯೇ ಹೊರತು, ಗಾಜಿನ ಚೂರನ್ನು ಅನ್ನದೊಡನೆ ಕಲಸುವ ಹಕ್ಕನ್ನು ಯಾರಿಗೂ ಕೊಡುವುದಿಲ್ಲ. ಆ ಚೂರು ತಗಲುವುದು ಯಾರ ಕೈಗೆ? ಮುಂಜಾವಿನಲ್ಲಿ ನಾವಿನ್ನೂ ಹಾಸಿಗೆಯಲ್ಲಿರುವಾಗ ಬೀದಿಗಿಳಿಯುವ ಪೌರಕಾರ್ಮಿಕರ ಕೈಗೆ. ರಾಶಿಯಿಂದ ಕಾಗದ, ತಗಡು, ಶೀಸೆಗಳನ್ನು ಆರಿಸಿ ಮಾರಿ ಹೊಟ್ಟೆ ಹೊರೆಯುವ ಬಡವರ ಕೈಗೆ. ಕಸದಿಂದ ಮರಳಿ ವಸ್ತುವಾಗುವುದರಲ್ಲಿ ಬಹುಪಾಲು ಅವರ ಶ್ರಮದ ಫಲ. ಬೆಂಗಳೂರಿನ ಪಾಲಿಕೆಯು 2011ರಲ್ಲಿ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ತೊಡಗಿದ್ದು ಪ್ರಶಂಸನೀಯವಾದ ಕಾರ್ಯ. ಚೀಟಿಯೊಡನೆ ಗೌರವವೂ ಸಲ್ಲಬೇಕು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಕಾಕಾ ಕಾಲೇಲ್ಕರರ ಮುಂದಾಳುತನದಲ್ಲಿ ಸ್ವಯಂಸೇವಕರು ತಾವೇ ಕಕ್ಕಸುಗಳನ್ನು ಚೊಕ್ಕಟ ಮಾಡಿದರು. ನೂರು ವರ್ಷಗಳ ತರುವಾಯವೂ ನಮ್ಮ ಕಸವನ್ನು ನಾವು ಮುಟ್ಟಿದರೆ ಮಾನಹೋಗುವುದೆಂದು ನಾವು ತಿಳಿದರೆ, ಆ ಪಾಠವು ನಮಗೆ ವ್ಯರ್ಥವಾಯಿತೆಂದೇ ಹೇಳಬೇಕು.

ಅಧಿಕಾರಿಗಳಿಗೂ ಎರಡು ಮಾತು ಹೇಳುವುದು ಅವಶ್ಯ. ಗೃಹಿಣಿಯು ಶ್ರದ್ಧೆಯಿಂದ ಬೇರ್ಪಡಿಸಿ ಕೊಟ್ಟುದನ್ನು ಗಾಡಿಯವನು ಅವಳ ಕಣ್ಣೆದುರಿಗೇ ಒಂದಾಗಿ ಸುರಿದರೆ, ಮರುದಿನ ಅವಳು ಏತಕ್ಕೆ ಬೇರ್ಪಡಿಸಿಯಾಳು? ದಂಡ ಹಾಕುವ ಮೊದಲು ಗಾಡಿಯಲ್ಲಿ ಎರಡು ಅರೆಗಳಿರಲಿ. ಅದು ಬರುವ ಹೊತ್ತು ನಿಶ್ಚಿತವಾಗಿರಲಿ.

ಇದು ರಾಜಧಾನಿಯ ಸುದ್ದಿ, ನಮಗೇತಕ್ಕೆ ಎಂದು ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಯ ವಾಚಕರು ಪುಟವನ್ನು ಮಗುಚಬಾರದು. ಇಂದು ಹಲವಾಗಲಿನಂತಹ ಊರುಗಳ ತಿಪ್ಪೆಯಲ್ಲಿಯೂ ಸೆಗಣಿಯೊಡನೆ ಪ್ಲಾಸ್ಟಿಕ್ ಚೀಲಗಳು ಹೊರಳುತ್ತಿವೆ. ಅವು ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತವೆ, ಮಳೆಯೊಡನೆ ಹಳ್ಳ ಹಿಡಿದು ಹೊಳೆ ಸೇರುತ್ತವೆ, ಮೇಯಲು ಬಂದ ಹಸುವಿನ ಹೊಟ್ಟೆಯನ್ನೂ ಸೇರುತ್ತವೆ. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ವಾಹನ ನಡೆಸಿ ಮನೆಮನೆಯ ಒಣ ಕಸವನ್ನು ಒಯ್ಯುತ್ತಿದ್ದಾರೆ. ಅವರು ಬಾಗಿಲಿಗೆ ಬಂದಾಗ ಕೊಡಬೇಕಾದುದು ಹೆಚ್ಚಿನದೇನೂ ಅಲ್ಲ. ಬೇರ್ಪಡಿಸಿದ ಒಂದು ಚೀಲ, ಮತ್ತು ಒಂದು ಒಳ್ಳೆಯ ಮಾತು.

ತಿಪ್ಪೆ ಸಾರಿಸಿ ರಂಗವಲ್ಲಿಯಿಟ್ಟರೆ ಊರು ಚೊಕ್ಕಟವಾಗದು. ಅಂಗಳವನ್ನು ಗುಡಿಸಿ ಕಸವನ್ನು ನೆರೆಯವನ ಅಂಗಳಕ್ಕೆ ತಳ್ಳುವುದು ಶುಚಿತ್ವವಲ್ಲ, ಅನ್ಯಾಯ. ಮಂಡೂರಿನ ಜನರು ಲಾರಿಗೆ ಅಡ್ಡ ನಿಂತು ಹೇಳಿದ ಮಾತನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನ ಹೊಸ್ತಿಲಲ್ಲಿ ತನಗೆ ತಾನೇ ಹೇಳಿಕೊಳ್ಳುವಂತಾಗಲಿ.